ಕಣ್ಣಿನ ತೀರ್ಪಿಗೆ ಹಿಡಿಯುವ ಹೊತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣು ತೆರೆದರೆ ಕಾಣುತ್ತದೆ, ಕಂಡರೆ ತಿಳಿಯುತ್ತದೆ ಎಂದು ನಾವೆಲ್ಲರೂ ನಂಬಿರುತ್ತೇವೆ. ಆದರೆ ಬೆಳಕು ಕಣ್ಣನ್ನು ಮುಟ್ಟುವುದಕ್ಕೂ ನಾವು ‘ಇದು ಇಂಥದ್ದು’ ಎಂಬ ತೀರ್ಮಾನಕ್ಕೆ ಬರುವುದಕ್ಕೂ ನಡುವೆ ಹೊತ್ತು ಸಂದಿರುತ್ತದೆ. ಆ ಹೊತ್ತು ಎಷ್ಟು ಸಿಕ್ಕಿತು, ಯಾವಾಗ ಸಿಕ್ಕಿತು, ಅದರ ಹಿಂದೆ ಮುಂದೆ ಕಣ್ಣೆದುರು ಏನಿತ್ತು ಎಂಬುದನ್ನು ಅವಲಂಬಿಸಿ ತೀರ್ಮಾನವೇ ಬೇರೆಯಾಗಬಹುದು. ತರಗತಿಯಲ್ಲಿ ವಿದ್ಯಾರ್ಥಿಗಳು, ತರಗತಿಯ ಹೊರಗೆ ವಾಹನ ಓಡಿಸುವವರು ಮತ್ತು ಕ್ರಿಕೆಟ್ ಆಡುವವರು ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ನೋಡುವುದನ್ನು ‘ನಿರ್ಧಾರ’ ಎಂದು ಏಕೆ ಕರೆಯಬೇಕು? ನೋಡಿದ್ದು ನೋಡಿದ ಹಾಗೆ ಕಾಣುವುದಿಲ್ಲವೇ?

ಹಾಡಹಗಲಿನಲ್ಲಿ, ಕೈಗೆಟಕುವ ದೂರದಲ್ಲಿ ಇರುವ ಲೋಟವನ್ನು ನೋಡುವಾಗ ನಿರ್ಧಾರವೊಂದು ನಡೆಯಿತೆಂದು ನಮಗೆ ಅನಿಸುವುದೇ ಇಲ್ಲ. ಮುಸ್ಸಂಜೆಯಲ್ಲಿ ದಾರಿಯ ಮೇಲೆ ಬಿದ್ದಿರುವುದು ಹಗ್ಗವೋ ಹಾವೋ ಎಂಬ ಪ್ರಶ್ನೆ ಎದ್ದಾಗ ಮಾತ್ರ ನಾವು ನಿಂತು, ಇನ್ನೊಮ್ಮೆ ನೋಡಿ, ಆಮೇಲೆ ಒಂದು ಕಡೆಗೆ ವಾಲುತ್ತೇವೆ. ಮಿದುಳಿನ ಮಟ್ಟಿಗೆ ಈ ಎರಡೂ ಒಂದೇ ಬಗೆಯ ಕೆಲಸಗಳು. ಕಣ್ಣಿನಿಂದ ಬರುವ ಸಂಕೇತ ಎಂದಿಗೂ ಪೂರ್ತಿ ಶುದ್ಧವಾಗಿರುವುದಿಲ್ಲ. ಅದರಲ್ಲಿ ಸದಾ ಒಂದಿಷ್ಟು ಏರುಪೇರು, ಒಂದಿಷ್ಟು ಗದ್ದಲ ಬೆರೆತಿರುತ್ತದೆ. ಆ ಗದ್ದಲದ ನಡುವೆ ‘ಇದೇ ಸರಿ’ ಎಂದು ಒಂದನ್ನು ಆರಿಸಿಕೊಳ್ಳುವುದನ್ನೇ ಇಲ್ಲಿ ದೃಶ್ಯ ನಿರ್ಧಾರ ಎನ್ನುತ್ತಿದ್ದೇನೆ. ಲೋಟದ ವಿಷಯದಲ್ಲಿ ಅದು ಎಷ್ಟು ಬೇಗ ಮುಗಿಯುತ್ತದೆಂದರೆ, ಮುಗಿದದ್ದು ನಮ್ಮ ಅರಿವಿಗೆ ಬರುವುದಿಲ್ಲ.

ಕಣ್ಣಿಗೆ ಬಿದ್ದದ್ದು ತಿಳಿಯಲು ನಿಜವಾಗಿ ಎಷ್ಟು ಹೊತ್ತು ಬೇಕು?

‘ನಿಮಿಷ’ ಎಂಬ ಪದದ ಮೂಲದ ಅರ್ಥ ಕಣ್ಣು ಮಿಟುಕಿಸುವುದು ಎಂದು. ಇಂದು ನಾವು ಅದನ್ನು ಅರವತ್ತು ಸೆಕೆಂಡುಗಳಿಗೆ ಬಳಸುತ್ತೇವಾದರೂ, ದೃಷ್ಟಿಯ ಕೆಲಸವನ್ನು ಅಳೆಯಲು ಹೊರಟವರಿಗೆ ಹಳೆಯ ಅರ್ಥವೇ ಹತ್ತಿರದ್ದು, ಏಕೆಂದರೆ ಇಲ್ಲಿನ ಲೆಕ್ಕವೆಲ್ಲ ಎವೆ ಮುಚ್ಚಿ ತೆರೆಯುವಷ್ಟರೊಳಗೆ, ಮಿಲಿಸೆಕೆಂಡುಗಳಲ್ಲಿ, ನಡೆಯುತ್ತದೆ. ಒಂದು ಸೆಕೆಂಡಿಗೆ 1000 ಮಿಲಿಸೆಕೆಂಡು.

ಕಣ್ಣಿನ ಒಳಪರದೆಯಾದ ಅಕ್ಷಿಪಟಲದಲ್ಲಿ ಬೆಳಕು ರಾಸಾಯನಿಕ ಬದಲಾವಣೆಯಾಗಿ, ಅಲ್ಲಿಂದ ನರಸಂಕೇತವಾಗಿ ಮಾರ್ಪಡಲು ಮೊದಲ ಹೊತ್ತು ಹೋಗುತ್ತದೆ. ಆ ಸಂಕೇತ ತಲೆಯ ಹಿಂಭಾಗದಲ್ಲಿರುವ ದೃಷ್ಟಿಯ ಪ್ರದೇಶವನ್ನು ತಲುಪಿ, ಅಲ್ಲಿ ಎಬ್ಬಿಸುವ ವಿದ್ಯುತ್ ಅಲೆಯನ್ನು ನೆತ್ತಿಯ ಚರ್ಮದ ಮೇಲಿಟ್ಟ ಎಲೆಕ್ಟ್ರೋಡುಗಳಿಂದಲೇ ಅಳೆಯಬಹುದು. ಅದು ಸುಮಾರು 100 ಮಿಲಿಸೆಕೆಂಡಿನ ಹೊತ್ತಿಗೆ ಶಿಖರ ಮುಟ್ಟುತ್ತದೆ. 1996ರಲ್ಲಿ ಫ್ರಾನ್ಸಿನ ಸೈಮನ್ ಥೋರ್ಪ್ ಮತ್ತು ಸಂಗಡಿಗರು ಜನರಿಗೆ ಹಿಂದೆಂದೂ ನೋಡಿರದ ಛಾಯಾಚಿತ್ರಗಳನ್ನು ತಲಾ 20 ಮಿಲಿಸೆಕೆಂಡು ಮಾತ್ರ ತೋರಿಸಿ, ಚಿತ್ರದಲ್ಲಿ ಪ್ರಾಣಿ ಇದೆಯೇ ಎಂದು ಕೇಳಿದರು. ಬಹುಪಾಲು ಉತ್ತರಗಳು ಸರಿಯಾಗಿದ್ದವು. ಅಷ್ಟೇ ಅಲ್ಲ, ಪ್ರಾಣಿ ಇದ್ದ ಚಿತ್ರಕ್ಕೂ ಇಲ್ಲದ ಚಿತ್ರಕ್ಕೂ ಮಿದುಳಿನ ಅಲೆಗಳು ಸುಮಾರು 150 ಮಿಲಿಸೆಕೆಂಡಿನ ಹೊತ್ತಿಗಾಗಲೇ ಬೇರೆ ಬೇರೆಯಾಗಿದ್ದವು. ಬೆರಳು ಗುಂಡಿಯನ್ನು ಬಿಡಲು ಅದರ ಮೇಲೆ ಇನ್ನೂ ಸಾಕಷ್ಟು ಹೊತ್ತು ಹಿಡಿಯಿತು.

ಯಾವ ಆಯ್ಕೆಯೂ ಇಲ್ಲದೆ, ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವ ಸರಳ ಕೆಲಸಕ್ಕೆ ಆರೋಗ್ಯವಂತ ಯುವಕರಿಗೆ ಸುಮಾರು 200ರಿಂದ 250 ಮಿಲಿಸೆಕೆಂಡು ಸಾಕು. ಶಬ್ದಕ್ಕೆ ತೋರುವ ಪ್ರತಿಕ್ರಿಯೆ ಇದಕ್ಕಿಂತ ಸುಮಾರು 40 ಮಿಲಿಸೆಕೆಂಡು ಚುರುಕು. ಬೆಳಕು ಶಬ್ದಕ್ಕಿಂತ ವೇಗವಾಗಿ ಬರುತ್ತದೆ ನಿಜ, ಆದರೆ ಅಕ್ಷಿಪಟಲದ ರಾಸಾಯನಿಕ ಕ್ರಿಯೆ ಕಿವಿಯ ಯಾಂತ್ರಿಕ ಕ್ರಿಯೆಗಿಂತ ನಿಧಾನ.

ಇದನ್ನು ಯಂತ್ರಗಳಿಲ್ಲದೆ ಮನೆಯಲ್ಲೇ ಅಳೆಯಬಹುದೇ?

ಅಳೆಯಬಹುದು. 30 ಸೆಂಟಿಮೀಟರಿನ ಒಂದು ಅಳತೆಪಟ್ಟಿ ಸಾಕು. ಜೊತೆಗಾರರು ಪಟ್ಟಿಯ ಮೇಲ್ತುದಿಯನ್ನು ಹಿಡಿದು ನೇರವಾಗಿ ತೂಗುಬಿಡಲಿ. ನೀವು ಕೈಯನ್ನು ಮೇಜಿನ ಅಂಚಿಗೆ ಆನಿಸಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಪಟ್ಟಿಯ ಸೊನ್ನೆ ಗುರುತಿನ ಎರಡೂ ಬದಿಗೆ ಮುಟ್ಟದಂತೆ ಇಟ್ಟುಕೊಳ್ಳಿ. ಅವರು ಹೇಳದೆ ಕೇಳದೆ ಪಟ್ಟಿಯನ್ನು ಬಿಟ್ಟಾಗ ನೀವು ಹಿಡಿಯಬೇಕು. ಬೆರಳು 15 ಸೆಂಟಿಮೀಟರಿನಲ್ಲಿ ಹಿಡಿದಿದ್ದರೆ ನೀವು ತೆಗೆದುಕೊಂಡದ್ದು ಸುಮಾರು 175 ಮಿಲಿಸೆಕೆಂಡು. 20 ಆದರೆ 202. 25 ಆದರೆ 226. ಬೀಳುವ ವಸ್ತುವಿನ ದೂರ ಕಾಲದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂಬ ಶಾಲೆಯ ಸೂತ್ರವೇ ಇಲ್ಲಿ ಗಡಿಯಾರ.

ಒಂದು ಸಲದ ಅಳತೆಯನ್ನು ನೆಚ್ಚಬೇಡಿ. ತರಗತಿಯಲ್ಲಿ ನಾನು ಪ್ರತಿಯೊಬ್ಬರಿಂದಲೂ ಇಪ್ಪತ್ತು ಸಲ ಮಾಡಿಸುತ್ತೇನೆ. ಒಬ್ಬರದೇ ಬೆರಳು ಒಮ್ಮೆ 14ರಲ್ಲಿ, ಮರುಗಳಿಗೆಯಲ್ಲಿ 23ರಲ್ಲಿ ಹಿಡಿಯುವುದನ್ನು ಕಂಡಾಗ ಮಕ್ಕಳು ತಾವೇನೋ ತಪ್ಪು ಮಾಡಿದೆವೆಂದು ಮುಖ ಸಣ್ಣದು ಮಾಡುತ್ತಾರೆ. ಅದು ತಪ್ಪಲ್ಲ. ಒಂದೇ ಕಣ್ಣು, ಒಂದೇ ಕೈ, ಒಂದೇ ಪಟ್ಟಿ ಇದ್ದರೂ ಪ್ರತಿ ಸಲವೂ ಕಾಲ ಬೇರೆಯಾಗುತ್ತದೆ ಎಂಬುದೇ ಈ ಕ್ಷೇತ್ರದ ಮೂಲಭೂತ ಸಂಗತಿ, ಮತ್ತು ಮುಂದೆ ಹೇಳುವ ಸಿದ್ಧಾಂತಗಳೆಲ್ಲ ಹುಟ್ಟಿದ್ದು ಈ ಏರುಪೇರನ್ನು ವಿವರಿಸಲೆಂದೇ.

ಮೊಬೈಲ್ ಫೋನಿನ ಪರೀಕ್ಷೆಗಳು ಕೊಡುವ ಸಂಖ್ಯೆ ನಂಬಬಹುದಾದದ್ದೇ?

ಒಬ್ಬರದೇ ಅಳತೆಗಳನ್ನು ಒಂದೇ ಫೋನಿನಲ್ಲಿ ಹೋಲಿಸಲು ಪರವಾಗಿಲ್ಲ. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪರದೆಯಲ್ಲಿ ಒಂದೊಂದು ಚಿತ್ರವೂ 16.7 ಮಿಲಿಸೆಕೆಂಡು ನಿಲ್ಲುತ್ತದೆ. ಸ್ಪರ್ಶವನ್ನು ಗುರುತಿಸಲು ಇನ್ನಷ್ಟು ವಿಳಂಬವಾಗುತ್ತದೆ. ಆದ್ದರಿಂದ ಎರಡು ಬೇರೆ ಫೋನುಗಳಲ್ಲಿ ಬಂದ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಇವರು ಚುರುಕು, ಅವರು ಮಂದ ಎನ್ನುವುದು ಸಲ್ಲದು.

ನೋಡುವುದಕ್ಕೆ ಹೊತ್ತು ಹಿಡಿಯುತ್ತದೆ ಎಂಬುದು ಮೊದಲು ಬೆಳಕಿಗೆ ಬಂದದ್ದು ಹೇಗೆ?

ಒಬ್ಬ ಸಹಾಯಕ ಕೆಲಸ ಕಳೆದುಕೊಂಡದ್ದರಿಂದ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ನೆವಿಲ್ ಮ್ಯಾಸ್ಕಲೈನ್ ರಾಜ ಖಗೋಳಜ್ಞರಾಗಿದ್ದಾಗ ಡೇವಿಡ್ ಕಿನ್ನೆಬ್ರೂಕ್ ಎಂಬ ಯುವಕ ಅವರ ಸಹಾಯಕನಾಗಿದ್ದ. ನಕ್ಷತ್ರವೊಂದು ದೂರದರ್ಶಕದೊಳಗೆ ಬಿಗಿದ ಸಣ್ಣ ತಂತಿಯನ್ನು ದಾಟುವ ಗಳಿಗೆಯನ್ನು ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಬರೆದಿಡುವುದು ಅವನ ಕೆಲಸ. ಗಡಿಯಾರದ ಟಿಕ್ ಟಿಕ್ ಶಬ್ದವನ್ನು ಕಿವಿಯಲ್ಲಿ ಎಣಿಸುತ್ತಾ, ತಂತಿಗೆ ಮುಂಚಿನ ಟಿಕ್‌ನಲ್ಲಿ ನಕ್ಷತ್ರ ಎಲ್ಲಿತ್ತು, ನಂತರದ ಟಿಕ್‌ನಲ್ಲಿ ಎಲ್ಲಿಗೆ ಬಂತು ಎಂಬುದನ್ನು ಕಣ್ಣಲ್ಲಿ ಹಿಡಿದು, ಎರಡರ ನಡುವೆ ತಂತಿ ಯಾವ ಪಾಲಿನಲ್ಲಿ ಬೀಳುತ್ತದೆಂದು ಮನಸ್ಸಿನಲ್ಲೇ ಅಂದಾಜು ಮಾಡಬೇಕು. ಕತ್ತಲಲ್ಲಿ, ಚಳಿಯಲ್ಲಿ, ರಾತ್ರಿಯ ಮೇಲೆ ರಾತ್ರಿ.

1795ರ ಆಗಸ್ಟ್ ಹೊತ್ತಿಗೆ ಕಿನ್ನೆಬ್ರೂಕ್ ಬರೆದ ಸಮಯಗಳು ಮ್ಯಾಸ್ಕಲೈನ್ ಬರೆದವಕ್ಕಿಂತ ಅರ್ಧ ಸೆಕೆಂಡು ತಡವಾಗಿದ್ದವು. ತಪ್ಪನ್ನು ತೋರಿಸಿಕೊಟ್ಟ ಮೇಲೂ, 1796ರ ಜನವರಿಯ ಹೊತ್ತಿಗೆ ವ್ಯತ್ಯಾಸ 0.8 ಸೆಕೆಂಡಿಗೆ ಏರಿತ್ತು. ಯುವಕನನ್ನು ಕೆಲಸದಿಂದ ತೆಗೆದರು. ಸುಮಾರು ಎರಡು ದಶಕಗಳ ನಂತರ ಆ ದಾಖಲೆಯ ವಿಷಯ ತಿಳಿದ ಫ್ರೆಡ್ರಿಕ್ ಬೆಸ್ಸೆಲ್, ತಾವೂ ತಮ್ಮ ಸಹೋದ್ಯೋಗಿ ಖಗೋಳಜ್ಞರೂ ಒಂದೇ ನಕ್ಷತ್ರವನ್ನು ನೋಡಿ ಬರೆದ ಸಮಯಗಳನ್ನು ಹೋಲಿಸಿದರು. ನುರಿತ ವೀಕ್ಷಕರ ನಡುವೆಯೂ ಒಂದು ಸೆಕೆಂಡಿಗೂ ಹೆಚ್ಚಿನ ಅಂತರ ಕಂಡುಬಂತು. ಯಾರೂ ಅಜಾಗರೂಕರಾಗಿರಲಿಲ್ಲ, ಪ್ರತಿಯೊಬ್ಬರ ಕಣ್ಣು ಕಿವಿಗಳ ತೀರ್ಪಿಗೂ ಅದರದೇ ಆದ ಕಾಲವಿತ್ತು. ಇದಕ್ಕೆ ಖಗೋಳಜ್ಞರು ‘ವೈಯಕ್ತಿಕ ಸಮೀಕರಣ’ ಎಂದು ಹೆಸರಿಟ್ಟು, ಲೆಕ್ಕದಲ್ಲಿ ಕೂಡಿಸಿ ಕಳೆಯತೊಡಗಿದರು. ಕಿನ್ನೆಬ್ರೂಕ್‌ಗೆ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ. ನಾನು ಈ ವಿಷಯವನ್ನು ಬೋಧಿಸುವಾಗ ಅವನ ಹೆಸರನ್ನು ಬಿಡದೆ ಹೇಳುತ್ತೇನೆ. ಮನುಷ್ಯನ ಮಿತಿಯೊಂದನ್ನು ಮನುಷ್ಯನ ದೋಷವೆಂದು ಬಗೆದು ದಂಡಿಸಿದ ಪ್ರಸಂಗ ಅದು.

1868ರಲ್ಲಿ ನೆದರ್‌ಲ್ಯಾಂಡ್ಸಿನ ನೇತ್ರವೈದ್ಯ ಫ್ರಾನ್ಸಿಸ್ಕಸ್ ಡೊಂಡರ್ಸ್ ಇನ್ನೊಂದು ಹೆಜ್ಜೆ ಇಟ್ಟರು. ಒಂದೇ ಸಂಕೇತಕ್ಕೆ ಒಂದೇ ಪ್ರತಿಕ್ರಿಯೆ ಕೊಡುವ ಸಮಯವನ್ನು, ಎರಡರಲ್ಲಿ ಒಂದನ್ನು ಆರಿಸಿ ಪ್ರತಿಕ್ರಿಯೆ ಕೊಡುವ ಸಮಯದಿಂದ ಕಳೆದರೆ ಉಳಿಯುವುದು ಆಯ್ಕೆಗೆ ಮನಸ್ಸು ತೆಗೆದುಕೊಂಡ ಹೊತ್ತು ಎಂದು ಅವರು ತರ್ಕಿಸಿದರು. ಈ ಕಳೆಯುವ ಲೆಕ್ಕ ಅಷ್ಟು ಸರಳವಲ್ಲವೆಂದು ಆಮೇಲೆ ತಿಳಿಯಿತು, ಆದರೂ ವಿಚಾರವನ್ನು ಗಡಿಯಾರದಿಂದ ಅಳೆಯಬಹುದು ಎಂಬ ಧೈರ್ಯ ಬಂದದ್ದು ಅಲ್ಲಿಂದ.

ಹೆಚ್ಚು ಹೊತ್ತು ನೋಡಿದಷ್ಟೂ ನಿರ್ಧಾರ ಹೆಚ್ಚು ಸರಿಯಾಗುತ್ತದೆಯೇ?

ಒಂದು ಹಂತದವರೆಗೆ ಹೌದು, ಮತ್ತು ಆ ಹಂತ ಎಲ್ಲಿದೆ ಎಂಬುದರಲ್ಲೇ ಈ ವಿಷಯದ ತಿರುಳಿದೆ.

ಅತಿ ಚಿಕ್ಕ ಕಾಲದಲ್ಲಿ ಕಣ್ಣು ಬೆಳಕನ್ನು ಕೂಡಿಹಾಕುತ್ತದೆ. ಮಬ್ಬು ಬೆಳಕಿನಲ್ಲಿ ಸುಮಾರು 100 ಮಿಲಿಸೆಕೆಂಡಿನೊಳಗೆ, ಬೆಳಕಿನ ಪ್ರಖರತೆಯನ್ನು ಅರ್ಧಕ್ಕಿಳಿಸಿ ಅವಧಿಯನ್ನು ಎರಡರಷ್ಟು ಮಾಡಿದರೆ ಕಣ್ಣಿಗೆ ಎರಡೂ ಒಂದೇ. 1885ರಲ್ಲಿ ಪ್ರಕಟವಾದ ಈ ನಿಯಮಕ್ಕೆ ಬ್ಲಾಕ್ ನಿಯಮ ಎಂದು ಹೆಸರು. ಕತ್ತಲೆಯಲ್ಲಿ ಕ್ಯಾಮೆರಾದ ಶಟರ್ ಹೆಚ್ಚು ಹೊತ್ತು ತೆರೆದಿಡುವುದಕ್ಕೂ ಇದಕ್ಕೂ ಹತ್ತಿರದ ಹೋಲಿಕೆಯಿದೆ.

ಅದಕ್ಕಿಂತ ದೀರ್ಘ ಕಾಲದಲ್ಲಿ ಕೂಡಿಬೀಳುವುದು ಬೆಳಕಲ್ಲ, ಸಾಕ್ಷ್ಯ. ಇದನ್ನು ಪರೀಕ್ಷಿಸಲು ಪ್ರಯೋಗಾಲಯಗಳಲ್ಲಿ ಬಹಳವಾಗಿ ಬಳಸುವ ಒಂದು ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಪ್ಪು ಪರದೆಯ ಮೇಲೆ ಒಂದು ವೃತ್ತದೊಳಗೆ ಬಿಳಿ ಚುಕ್ಕೆಗಳು ಮಳೆಹುಳುಗಳಂತೆ ಎತ್ತೆತ್ತಲೋ ಮಿನುಗುತ್ತಿರುತ್ತವೆ. ಅವುಗಳಲ್ಲಿ ಕೆಲವು ಮಾತ್ರ ಒಟ್ಟಾಗಿ ಎಡಕ್ಕೋ ಬಲಕ್ಕೋ ಸಾಗುತ್ತವೆ. ನೂರಕ್ಕೆ 50 ಚುಕ್ಕೆಗಳು ಒಂದೇ ದಿಕ್ಕಿಗೆ ಹೋದರೆ ಮಗುವೂ ಹೇಳಬಲ್ಲದು. ನೂರಕ್ಕೆ ಆರೇಳು ಮಾತ್ರ ಹೋದರೆ ಮೊದಲ ನೋಟಕ್ಕೆ ಏನೂ ತಿಳಿಯುವುದಿಲ್ಲ. ನೋಡುತ್ತಾ ಇದ್ದಂತೆ ಮಂದೆಯೆಲ್ಲ ಮೆಲ್ಲನೆ ಬಲಕ್ಕೆ ಜರುಗುತ್ತಿದೆಯೆಂಬ ಒಂದು ಗುಮಾನಿ ಹುಟ್ಟುತ್ತದೆ, ಅದು ಒಮ್ಮೆ ಕುಂದುತ್ತದೆ, ಮತ್ತೆ ಬಲವಾಗುತ್ತದೆ, ಕೊನೆಗೆ ಬೆರಳು ಗುಂಡಿಯನ್ನು ಒತ್ತುತ್ತದೆ. ಸುಲಭದ ಚಿತ್ರಕ್ಕೆ ಅರ್ಧ ಸೆಕೆಂಡಿಗಿಂತ ಕಡಿಮೆ ಸಾಕಾದರೆ, ಕಷ್ಟದ ಚಿತ್ರಕ್ಕೆ ಸುಮಾರು ಒಂದು ಸೆಕೆಂಡೇ ಬೇಕಾಗುತ್ತದೆ.

ಆ ಗುಮಾನಿಯ ಏರಿಳಿತಕ್ಕೆ ಗಣಿತದ ರೂಪ ಕೊಟ್ಟವರಲ್ಲಿ ರೋಜರ್ ರ್‍ಯಾಟ್‌ಕ್ಲಿಫ್ ಮುಖ್ಯರು. 1978ರಲ್ಲಿ ಅವರು ನೆನಪಿನ ಪ್ರಯೋಗಗಳಿಗಾಗಿ ರೂಪಿಸಿದ ಮಾದರಿ ಇಂದು ದೃಷ್ಟಿಯ ನಿರ್ಧಾರಗಳಿಗೂ ಬಳಕೆಯಲ್ಲಿದೆ. ಎರಡು ಹೊಸ್ತಿಲುಗಳ ನಡುವೆ ಒಂದು ಬಿಂದು ತೂರಾಡುತ್ತಾ ಸಾಗುತ್ತದೆಂದು ಭಾವಿಸಿ. ಬರುವ ಒಂದೊಂದು ತುಣುಕು ಸಾಕ್ಷ್ಯವೂ ಅದನ್ನು ಮೇಲಕ್ಕೋ ಕೆಳಕ್ಕೋ ತಳ್ಳುತ್ತದೆ. ಮೇಲಿನ ಹೊಸ್ತಿಲನ್ನು ದಾಟಿದರೆ ‘ಬಲ’, ಕೆಳಗಿನದನ್ನು ದಾಟಿದರೆ ‘ಎಡ’. ಸಾಕ್ಷ್ಯ ಬಲವಾಗಿದ್ದರೆ ಬಿಂದು ನೇರವಾಗಿ ಹೊಸ್ತಿಲಿಗೆ ಹೋಗುತ್ತದೆ. ದುರ್ಬಲವಾಗಿದ್ದರೆ ಅಲೆದಾಡಿ ತಡವಾಗಿ ತಲುಪುತ್ತದೆ, ಕೆಲವು ಸಲ ತಪ್ಪು ಹೊಸ್ತಿಲನ್ನೇ ದಾಟುತ್ತದೆ. ನಿರ್ಧಾರ ಯಾವುದು ಎಂಬುದನ್ನೂ ಅದಕ್ಕೆ ಎಷ್ಟು ಹೊತ್ತು ಬೇಕಾಯಿತು ಎಂಬುದನ್ನೂ ಒಂದೇ ಚಲನೆ ವಿವರಿಸುವುದು ಈ ಮಾದರಿಯ ಸೊಗಸು. ಅಳತೆಪಟ್ಟಿ ಒಮ್ಮೆ 14ರಲ್ಲಿ, ಒಮ್ಮೆ 23ರಲ್ಲಿ ಸಿಕ್ಕಿದ್ದಕ್ಕೂ ಇಂಥದೇ ಅಲೆದಾಟವನ್ನು ಕಾರಣವಾಗಿ ಕೊಡಬಹುದು.

ಸಾಕ್ಷ್ಯವನ್ನು ಒಂದೊಂದಾಗಿ ತೂಗುತ್ತಾ, ಸಾಕೆನಿಸಿದ ಕೂಡಲೇ ನಿಲ್ಲಿಸುವ ಈ ವಿಧಾನದ ಹಿಂದೆ ಇನ್ನೊಂದು ಹೆಸರಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಯಾರಾದ ಸರಕನ್ನು ಆದಷ್ಟು ಕಡಿಮೆ ಮಾದರಿಗಳಿಂದ ಪರೀಕ್ಷಿಸುವುದಕ್ಕಾಗಿ ಸಂಖ್ಯಾಶಾಸ್ತ್ರಜ್ಞ ಏಬ್ರಹಾಂ ವಾಲ್ಡ್ ಇದೇ ತತ್ವವನ್ನು ಕಟ್ಟಿದ್ದರು. ನಿಗದಿಪಡಿಸಿದ ತಪ್ಪಿನ ಪ್ರಮಾಣಕ್ಕೆ ಸರಾಸರಿಯಲ್ಲಿ ಇದಕ್ಕಿಂತ ಬೇಗ ಮುಗಿಯುವ ವಿಧಾನವಿಲ್ಲವೆಂದು ಆಮೇಲೆ ಸಾಬೀತಾಯಿತು. ಉಪನ್ಯಾಸಗಳಿಗೆಂದು ಭಾರತಕ್ಕೆ ಬಂದಿದ್ದ ವಾಲ್ಡ್ ಮತ್ತು ಅವರ ಪತ್ನಿ 1950ರ ಡಿಸೆಂಬರಿನಲ್ಲಿ ನಮ್ಮ ನೆರೆಯ ನೀಲಗಿರಿ ಬೆಟ್ಟಗಳಲ್ಲಿ ನಡೆದ ವಿಮಾನ ಅಪಘಾತದಲ್ಲಿ ತೀರಿಕೊಂಡರು. ತಮ್ಮ ಗಣಿತ ಮಿದುಳಿನ ನರಕೋಶಗಳ ವರ್ತನೆಗೆ ಹೊಂದುತ್ತದೆಂದು ತಿಳಿಯುವವರೆಗೆ ಅವರು ಬದುಕಿರಲಿಲ್ಲ. ಕೋತಿಗಳ ಮೇಲೆ ವಿಲಿಯಂ ನ್ಯೂಸಮ್, ಮೈಕೇಲ್ ಶ್ಯಾಡ್ಲನ್ ಮೊದಲಾದವರು ನಡೆಸಿದ ಚುಕ್ಕೆಗಳ ಪ್ರಯೋಗದಲ್ಲಿ, ಮಿದುಳಿನ ಪಾರ್ಶ್ವಭಾಗದ ಕೆಲವು ನರಕೋಶಗಳ ಮಿಡಿತ ಸಾಕ್ಷ್ಯ ಬಲವಾದಷ್ಟೂ ಕಡಿದಾಗಿ ಏರಿ, ನಿರ್ಧಾರದ ಗಳಿಗೆಯಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟವನ್ನು ಮುಟ್ಟುವುದು ಕಂಡುಬಂದಿದೆ. ಆ ಕೋಶಗಳೇ ನಿರ್ಧರಿಸುತ್ತವೆಯೋ ಅಥವಾ ಬೇರೆಡೆ ನಡೆದ ನಿರ್ಧಾರವನ್ನು ಬಿಂಬಿಸುತ್ತವೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಹೊಸ್ತಿಲನ್ನು ದಾಟಿದ ಮೇಲೆ ಪರದೆಯ ಮೇಲೆ ಚುಕ್ಕೆಗಳು ಇನ್ನೂ ಓಡುತ್ತಿದ್ದರೂ ಮಿದುಳು ಅವನ್ನು ಹೆಚ್ಚಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೀರ್ಘವಾಗಿ ತೋರಿಸಿದ ಪ್ರಯೋಗಗಳಲ್ಲಿ ಮೊದಲು ಬಂದ ಸಾಕ್ಷ್ಯಕ್ಕೆ ಕೊನೆಯದಕ್ಕಿಂತ ಹೆಚ್ಚು ತೂಕ ಸಿಗುವುದಕ್ಕೆ ಇದೇ ಕಾರಣವೆಂದು 2008ರಲ್ಲಿ ರೂಜ್ಬೆ ಕಿಯಾನಿ ಮತ್ತು ಸಂಗಡಿಗರು ತೋರಿಸಿದರು. ಹೀಗಾಗಿ ಎವೆಯಿಕ್ಕದೆ ನೋಡುತ್ತಲೇ ಇದ್ದರೂ, ಮನಸ್ಸು ಒಮ್ಮೆ ತೀರ್ಮಾನಿಸಿದ್ದರೆ ಆಮೇಲಿನ ನೋಟದಿಂದ ಲಾಭ ಅಲ್ಪ.

ಅವಸರ ಮಾಡಿದರೆ ತಪ್ಪಾಗುವುದು ಏಕೆ? ಅವಸರದಲ್ಲಿ ಕಣ್ಣು ಸರಿಯಾಗಿ ನೋಡುವುದಿಲ್ಲವೇ?

ಕಣ್ಣು ನೋಡುವುದರಲ್ಲಿ ಅಂಥ ವ್ಯತ್ಯಾಸವಿರುವುದಿಲ್ಲ; ಬದಲಾಗುವುದು ಮುಖ್ಯವಾಗಿ ಹೊಸ್ತಿಲು. ‘ಬೇಗ ಹೇಳಿ’ ಎಂದರೆ ನಾವು ಹೊಸ್ತಿಲುಗಳನ್ನು ಹತ್ತಿರ ತಂದುಕೊಳ್ಳುತ್ತೇವೆ, ಆಗ ಸ್ವಲ್ಪ ಗದ್ದಲವೂ ಬಿಂದುವನ್ನು ತಪ್ಪು ಕಡೆಗೆ ದಾಟಿಸಿಬಿಡಬಲ್ಲದು. ‘ತಪ್ಪು ಮಾಡಬೇಡಿ’ ಎಂದರೆ ದೂರ ಇಡುತ್ತೇವೆ. ಗಡುವು ಹತ್ತಿರವಾದಂತೆ ಹೊಸ್ತಿಲು ತಾನಾಗಿಯೇ ತಗ್ಗುತ್ತದೆ ಎಂದು ಹೇಳುವ ಮಾದರಿಗಳೂ ಇವೆ.

ಎಷ್ಟು ಆಯ್ಕೆಗಳಿವೆ ಎಂಬುದೂ ಮುಖ್ಯ. 1952ರಲ್ಲಿ ವಿಲಿಯಂ ಹಿಕ್ ತೋರಿಸಿದಂತೆ, ಆಯ್ಕೆಗಳ ಸಂಖ್ಯೆ ಎರಡರಷ್ಟಾದ ಪ್ರತಿ ಸಲವೂ ಪ್ರತಿಕ್ರಿಯೆಯ ಸಮಯ ಹೆಚ್ಚುಕಡಿಮೆ ಅಷ್ಟಷ್ಟೇ ಬೆಳೆಯುತ್ತದೆ.

ತಡವಾಗಿ ಕೊಟ್ಟ ಉತ್ತರದಲ್ಲಿ ನಮಗೇ ನಂಬಿಕೆ ಕಡಿಮೆ ಇರುವುದು ಏಕೆ?

ಮಿದುಳು ಕಾಲವನ್ನೂ ಒಂದು ಸಾಕ್ಷ್ಯವಾಗಿ ಬಳಸುತ್ತದೆ. ಇಷ್ಟು ಹೊತ್ತು ಹಿಡಿದಿದೆಯೆಂದರೆ ಚಿತ್ರ ಕಷ್ಟದ್ದಿರಬೇಕು, ಕಷ್ಟದ್ದಾಗಿದ್ದರೆ ನಾನು ತಪ್ಪಿರಬಹುದು ಎಂಬ ಲೆಕ್ಕ ಒಳಗೊಳಗೇ ನಡೆಯುತ್ತದೆ. ಗುಂಡಿಯತ್ತ ಕೈ ಹೊರಟ ಮೇಲೂ ಮನಸ್ಸು ಬದಲಾಗುವುದುಂಟು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೈ ಚಲಿಸತೊಡಗಿದ ಮೇಲೆ ಹೊಸದಾಗಿ ಏನನ್ನೂ ತೋರಿಸದಿದ್ದರೂ ಜನ ಕೆಲವೊಮ್ಮೆ ನಡುದಾರಿಯಲ್ಲಿ ಕೈಯನ್ನು ಇನ್ನೊಂದು ಕಡೆಗೆ ತಿರುಗಿಸಿದರು. ಕಣ್ಣಿನಿಂದ ಹೊರಟು ಇನ್ನೂ ದಾರಿಯಲ್ಲಿದ್ದ ಸಾಕ್ಷ್ಯ ನಿರ್ಧಾರದ ನಂತರ ಬಂದು ಸೇರಿತ್ತು. ಅಂಥ ಬದಲಾವಣೆಗಳಲ್ಲಿ ತಪ್ಪನ್ನು ತಿದ್ದಿಕೊಂಡವೇ ಹೆಚ್ಚು. ‘ಮೊದಲು ತೋಚಿದ್ದೇ ಸರಿ’ ಎಂದು ಪಟ್ಟು ಹಿಡಿಯುವವರಿಗೆ ನಾನು ಈ ಪ್ರಯೋಗವನ್ನು ನೆನಪಿಸುತ್ತೇನೆ.

ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಪ್ರಯೋಜನವಿದೆಯೇ?

ತುಂಬಾ ಇದೆ. ‘ಸಿದ್ಧರಾಗಿ’ ಎಂಬ ಸೂಚನೆಗೂ ಚಿತ್ರಕ್ಕೂ ನಡುವಿನ ಅಂತರ ಪ್ರತಿ ಸಲವೂ ಒಂದೇ ಆಗಿದ್ದು ಚಿಕ್ಕದಾಗಿದ್ದರೆ, ಗಮನ ಆ ಗಳಿಗೆಗೆ ಸರಿಯಾಗಿ ಮೊನೆಗೊಂಡು ಉತ್ತರ ಚುರುಕಾಗುತ್ತದೆ. ಅಂತರ ಹಲವು ಸೆಕೆಂಡುಗಳಷ್ಟು ಉದ್ದವಾದರೆ ನಾವೇ ಕಾಲವನ್ನು ಅಷ್ಟು ನಿಖರವಾಗಿ ಎಣಿಸಲಾರದೆ ಆ ಲಾಭ ಕರಗುತ್ತದೆ. ಅಂತರ ಅನಿಶ್ಚಿತವಾಗಿದ್ದಾಗ ಇನ್ನೊಂದು ಸ್ವಾರಸ್ಯ ಕಾಣುತ್ತದೆ: ‘ಇಷ್ಟು ಹೊತ್ತಾದರೂ ಬಂದಿಲ್ಲ, ಹಾಗಾದರೆ ಈಗ ಬಂದೇ ಬರುತ್ತದೆ’ ಎಂಬ ನಿರೀಕ್ಷೆ ಬೆಳೆಯುತ್ತಾ ಹೋಗಿ, ತಡವಾಗಿ ಬಂದದ್ದಕ್ಕೇ ಬೇಗ ಉತ್ತರ ಸಿಗುತ್ತದೆ. ಬಸ್ಸಿಗೆ ಕಾಯುವ ಪ್ರತಿಯೊಬ್ಬರೂ ಈ ನಿರೀಕ್ಷೆಯ ಏರಿಕೆಯನ್ನು ಅನುಭವಿಸಿದ್ದಾರೆ.

ಒಂದರ ಬೆನ್ನಿಗೆ ಇನ್ನೊಂದು ಚಿತ್ರ ಬಂದರೆ ಏನಾಗುತ್ತದೆ?

ಹಿಂದಿನದೂ ಮುಂದಿನದೂ ಎರಡೂ ಕಾಟ ಕೊಡುತ್ತವೆ. ಚಿಕ್ಕ ಹೊಳಪಿನಂತೆ ತೋರಿಸಿದ ಅಕ್ಷರದ ಬೆನ್ನಿಗೇ ಅದೇ ಜಾಗದಲ್ಲಿ ಬೇರೊಂದು ಆಕೃತಿಯನ್ನು ತೋರಿಸಿದರೆ, ಮೊದಲನೆಯದು ಅರಿವಿಗೇ ಬಾರದೆ ಹೋಗಬಹುದು. ಸೆಕೆಂಡಿಗೆ ಹತ್ತರಂತೆ ಅಕ್ಷರಗಳನ್ನು ಹರಿಸಿ, ಅವುಗಳಲ್ಲಿ ಎರಡನ್ನು ಗುರುತಿಸಲು ಹೇಳಿದರೆ, ಮೊದಲನೆಯದನ್ನು ಹಿಡಿದ ಮೇಲೆ ಸುಮಾರು 200ರಿಂದ 500 ಮಿಲಿಸೆಕೆಂಡಿನೊಳಗೆ ಬಂದ ಎರಡನೆಯದು ಬಹಳ ಸಲ ತಪ್ಪಿಹೋಗುತ್ತದೆ. ಕಣ್ಣು ತೆರೆದೇ ಇರುತ್ತದೆ, ಮಿಟುಕಿದ್ದು ಗಮನ. 1992ರಲ್ಲಿ ಈ ವಿದ್ಯಮಾನಕ್ಕೆ ‘ಗಮನದ ಮಿಟುಕು’ ಎಂಬ ಅರ್ಥದ ಹೆಸರೇ ಬಿತ್ತು.

ಹಿಂದೆ ನೋಡಿದ್ದು ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ ಅದರ ಪ್ರಭಾವದ ದಿಕ್ಕೂ ಬದಲಾಗಬಹುದು. ಒಂದೇ ಕಡೆಗೆ ಸಾಗುವುದನ್ನು ದೀರ್ಘವಾಗಿ ದಿಟ್ಟಿಸಿದರೆ ಆಮೇಲೆ ನಿಂತ ವಸ್ತು ಎದುರು ದಿಕ್ಕಿಗೆ ಸರಿಯುವಂತೆ ಕಾಣುತ್ತದೆ. 1834ರಲ್ಲಿ ರಾಬರ್ಟ್ ಆಡಮ್ಸ್ ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತವನ್ನು ನೋಡಿ ಪಕ್ಕದ ಬಂಡೆಯತ್ತ ಕಣ್ಣು ಹೊರಳಿಸಿದಾಗ ಬಂಡೆ ಮೇಲೇರುವಂತೆ ಕಂಡದ್ದನ್ನು ಬರೆದರು. ಮಳೆಗಾಲದಲ್ಲಿ ಜೋಗದ ಎದುರು ನಿಂತು ಒಂದು ಧಾರೆಯ ಮೇಲೆ ಒಂದೇ ಕಡೆ ದೃಷ್ಟಿ ನೆಟ್ಟು, ಅರ್ಧ ನಿಮಿಷದ ನಂತರ ಪಕ್ಕದ ಬಂಡೆಯನ್ನು ನೋಡಿದರೆ ನೀವೂ ಇದನ್ನು ಕಾಣಬಹುದು. ಆದರೆ ಕ್ಷಣಮಾತ್ರ ನೋಡಿದ ಗೆರೆಯ ವಾಲುವಿಕೆಯನ್ನು ನೆನಪಿನಿಂದ ತೋರಿಸಲು ಹೇಳಿದಾಗ, ಕೆಲವು ಸೆಕೆಂಡು ಮುಂಚೆ ನೋಡಿದ ಗೆರೆಯ ಕಡೆಗೇ ಉತ್ತರ ಎಳೆಯಲ್ಪಡುತ್ತದೆಂದು 2014ರಲ್ಲಿ ಜೇಸನ್ ಫಿಷರ್ ಮತ್ತು ಡೇವಿಡ್ ವಿಟ್ನಿ ತೋರಿಸಿದರು.

ವೇಗದ ಬೌಲರ್ ಎಸೆದ ಚೆಂಡನ್ನು ಬ್ಯಾಟರ್ ನೋಡಿಯೇ ಆಡುತ್ತಾರೆಯೇ?

ಲೆಕ್ಕ ಹಾಕಿ ನೋಡೋಣ. ಎರಡು ಪಾಪಿಂಗ್ ಕ್ರೀಸ್‌ಗಳ ನಡುವಿನ ದೂರ ಸುಮಾರು 17.7 ಮೀಟರ್. ಗಂಟೆಗೆ 140 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 39 ಮೀಟರ್. ನೆಲಕ್ಕೆ ಬಡಿದು ಸ್ವಲ್ಪ ವೇಗ ಕಳೆದುಕೊಳ್ಳುವುದನ್ನು ಸೇರಿಸಿದರೂ ಚೆಂಡು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಬ್ಯಾಟಿನ ಬಳಿ ಇರುತ್ತದೆ. 1987ರಲ್ಲಿ ಪೀಟರ್ ಮ್ಯಾಕ್ಲಿಯಾಡ್ ಮ್ಯಾಟಿಂಗ್ ಕೆಳಗೆ ಕೋಲುಗಳನ್ನಿಟ್ಟು, ಚೆಂಡು ಪುಟಿದು ಎತ್ತ ತಿರುಗುತ್ತದೆಂದು ಊಹಿಸಲಾಗದಂತೆ ಮಾಡಿ ಪರೀಕ್ಷಿಸಿದಾಗ, ಅಂತರರಾಷ್ಟ್ರೀಯ ಮಟ್ಟದ ಆಟಗಾರರಿಗೂ ಹೊಡೆತವನ್ನು ಬದಲಿಸಲು ಸುಮಾರು 200 ಮಿಲಿಸೆಕೆಂಡು ಬೇಕಾಯಿತು. ಪ್ರಯೋಗಾಲಯದಲ್ಲಿ ಸಾಮಾನ್ಯರಿಗೆ ಬೇಕಾಗುವುದೂ ಅಷ್ಟೇ. ಎಂದರೆ ಕೊನೆಯ ಏಳೆಂಟು ಮೀಟರುಗಳಲ್ಲಿ ಚೆಂಡು ಏನೇ ಮಾಡಿದರೂ ಅದಕ್ಕೆ ಉತ್ತರ ಕೊಡಲು ಹೊತ್ತಿಲ್ಲ.

ಹಾಗಾದರೆ ಆಡುವುದು ಹೇಗೆ? ಮೈಕೇಲ್ ಲ್ಯಾಂಡ್ ಮತ್ತು ಮ್ಯಾಕ್ಲಿಯಾಡ್ 2000ದಲ್ಲಿ ಬ್ಯಾಟರ್‌ಗಳ ಕಣ್ಣಿನ ಚಲನೆಯನ್ನು ದಾಖಲಿಸಿದರು. ಚೆಂಡು ಬೌಲಿಂಗ್ ಯಂತ್ರದಿಂದ ಹೊರಬಂದದ್ದನ್ನು ಸ್ವಲ್ಪ ಹೊತ್ತು ನೋಡಿ, ಕಣ್ಣು ಚೆಂಡನ್ನು ಬಿಟ್ಟು ಅದು ಪುಟಿಯಲಿರುವ ಜಾಗಕ್ಕೆ ಮುಂಚಿತವಾಗಿ ಜಿಗಿದು ಅಲ್ಲಿ ಕಾಯುತ್ತಿತ್ತು. ಹೆಚ್ಚು ನುರಿತ ಆಟಗಾರನ ಕಣ್ಣು ಹೆಚ್ಚು ಬೇಗ ಜಿಗಿಯುತ್ತಿತ್ತು. ‘ಚೆಂಡಿನಿಂದ ಕಣ್ಣು ತೆಗೆಯಬೇಡ’ ಎಂದು ಮೈದಾನಗಳಲ್ಲಿ ಮಕ್ಕಳಿಗೆ ಹೇಳುವ ಮಾತು ಗಮನದ ಮಟ್ಟಿಗೆ ಸರಿ, ಅಕ್ಷರಶಃ ಮಾತ್ರ ಯಾರಿಂದಲೂ ಆಗದ ಕೆಲಸ. ಮೊದಲ 200 ಮಿಲಿಸೆಕೆಂಡಿನ ಸಾಕ್ಷ್ಯದಿಂದ ಮುಂದಿನದನ್ನು ಕಟ್ಟಿಕೊಳ್ಳುವ ಅಭ್ಯಾಸವೇ ಅವರ ವಿದ್ಯೆ.

ಅಂಪೈರರ ಕಷ್ಟ ಬೇರೆ. ಬೌಲರ್ ತುದಿಯಲ್ಲಿ ನಿಂತವರಿಗೆ ಬ್ಯಾಟಿನ ಅಂಚಿನ ಸದ್ದು 20 ಮೀಟರ್ ದಾಟಿ ಬರಲು ಸುಮಾರು 58 ಮಿಲಿಸೆಕೆಂಡು ಬೇಕು. ಕಂಡದ್ದನ್ನೂ ಕೇಳಿದ್ದನ್ನೂ ಒಂದೇ ಗಳಿಗೆಗೆ ಹೊಂದಿಸುವ ಕೆಲಸ ಕಿನ್ನೆಬ್ರೂಕ್ ಮಾಡುತ್ತಿದ್ದುದೇ ಆಗಿದೆ.

ರಸ್ತೆಯ ಮೇಲೆ ಇದರ ಅರ್ಥವೇನು?

ಪ್ರಯೋಗಾಲಯದ 200 ಮಿಲಿಸೆಕೆಂಡನ್ನು ರಸ್ತೆಗೆ ತರಬಾರದು. ಅಲ್ಲಿ ಏನು ಬರುತ್ತದೆ, ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂಬ ಮೂರೂ ಗೊತ್ತಿರುವುದಿಲ್ಲ. ಅದಕ್ಕಾಗಿಯೇ ನಮ್ಮ ಹೆದ್ದಾರಿಗಳ ವಿನ್ಯಾಸಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಚಾಲಕ ಕಂಡು, ಅರಿತು, ಬ್ರೇಕ್ ಒತ್ತಲು 2.5 ಸೆಕೆಂಡು ಬೇಕೆಂದು ಲೆಕ್ಕ ಹಿಡಿಯುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಆ ಅವಧಿಯಲ್ಲಿ ವಾಹನ ಸುಮಾರು 55 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿಯುವುದು ಆಮೇಲೆ. ಮುಸ್ಸಂಜೆಯಲ್ಲಿ ಬೆಳಕು ಕುಂದಿದಾಗ ಕಣ್ಣಿನ ಸಂಕೇತವೇ ನಿಧಾನವಾಗುವುದರಿಂದ ಇನ್ನಷ್ಟು ಅಂತರ ಬಿಡಿ ಎಂದು ಎಲ್ಲರನ್ನೂ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಅಪರೂಪದ್ದನ್ನು ಹುಡುಕುವಾಗ ನುರಿತವರೂ ತಪ್ಪುವುದು ಏಕೆ?

2005ರಲ್ಲಿ ಜೆರೆಮಿ ವೂಲ್ಫ್ ಮತ್ತು ಸಂಗಡಿಗರು ಸಾಮಾನು ತಪಾಸಣೆಯನ್ನು ಹೋಲುವ ಹುಡುಕಾಟದ ಪ್ರಯೋಗ ನಡೆಸಿದರು. ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ನೂರಕ್ಕೆ 7 ಸಲ ಮಾತ್ರ ತಪ್ಪಿತು. ನೂರು ಚಿತ್ರಗಳಲ್ಲಿ ಒಂದರಲ್ಲಷ್ಟೇ ಇದ್ದಾಗ ನೂರಕ್ಕೆ 30 ಸಲ ತಪ್ಪಿತು. ಸಿಗದೆ ಸಿಗದೆ ‘ಇಲ್ಲ’ ಎನ್ನುವುದು ರೂಢಿಯಾಗಿ, ಜನ ನೋಟವನ್ನು ಬೇಗ ಮುಗಿಸತೊಡಗಿದ್ದರು. ಎಕ್ಸ್-ರೇ ಚಿತ್ರಗಳನ್ನು ದಿನವಿಡೀ ನೋಡುವವರಿಂದ ಕಣ್ತಪ್ಪಾದಾಗ, ಅವರಿಗೆ ಒಂದೊಂದು ಚಿತ್ರಕ್ಕೆ ಎಷ್ಟು ಹೊತ್ತು ಸಿಗುತ್ತಿತ್ತು ಎಂಬುದನ್ನು ಮೊದಲು ವಿಚಾರಿಸಬೇಕೆಂದು ನನ್ನ ಅಭಿಪ್ರಾಯ.

ವಯಸ್ಸಾದವರು ನಿಧಾನವಾಗುವುದು ಕಣ್ಣು ಮಂಜಾದದ್ದರಿಂದಲೇ?

ಕಣ್ಣಿನ ತೊಂದರೆಗಳು ಇರಬಹುದು, ಆದರೆ ಕಾರಣ ಅದೊಂದೇ ಅಲ್ಲ. ರ್‍ಯಾಟ್‌ಕ್ಲಿಫ್ ಮತ್ತು ಸಹೋದ್ಯೋಗಿಗಳು ಹಿರಿಯರನ್ನೂ ಯುವಕರನ್ನೂ ಹೋಲಿಸಿದ ಹಲವು ಪ್ರಯೋಗಗಳಲ್ಲಿ, ಸಾಕ್ಷ್ಯ ಸೇರುವ ವೇಗ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ಹಿರಿಯರು ಹೊಸ್ತಿಲನ್ನು ದೂರ ಇಟ್ಟುಕೊಂಡಿದ್ದರು, ಮತ್ತು ಅವರ ಸಂಕೇತ ಒಳಬರಲು, ಕೈ ಚಲಿಸಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಎಂದರೆ ನಿಧಾನದ ಒಂದು ದೊಡ್ಡ ಪಾಲು ಎಚ್ಚರಿಕೆ. ರಸ್ತೆ ದಾಟಲು ಅಜ್ಜಿ ಎರಡು ಸಲ ನೋಡಿ ನಿಂತರೆ ಕೈ ಹಿಡಿದು ಎಳೆಯಬೇಡಿ. ಅವರು ತಮಗೆ ಬೇಕಾದಷ್ಟು ಸಾಕ್ಷ್ಯವನ್ನು ಕೂಡಿಸಿಕೊಳ್ಳುತ್ತಿದ್ದಾರೆ.

ಒಂದು ಕಣ್ಣು ಮಾತ್ರ ನಿಧಾನವಾದರೆ ಏನಾಗುತ್ತದೆ?

ಇದನ್ನು ನೀವೇ ನೋಡಬಹುದು. ದಾರಕ್ಕೆ ಒಂದು ನಿಂಬೆಹಣ್ಣು ಕಟ್ಟಿ, ಬಾಗಿಲ ಚೌಕಟ್ಟಿನಿಂದ ಇಳಿಬಿಟ್ಟು, ನಿಮ್ಮೆದುರು ಎಡದಿಂದ ಬಲಕ್ಕೆ ನೇರವಾಗಿ ತೂಗಾಡಿಸಿ. ಎರಡೂ ಕಣ್ಣು ತೆರೆದು, ತಂಪು ಕನ್ನಡಕದ ಒಂದು ಗಾಜನ್ನು ಮಾತ್ರ ಒಂದು ಕಣ್ಣಿನ ಮುಂದೆ ಹಿಡಿಯಿರಿ. ನಿಂಬೆಹಣ್ಣು ನೇರವಾಗಿ ತೂಗುವುದನ್ನು ಬಿಟ್ಟು, ಒಮ್ಮೆ ನಿಮ್ಮ ಹತ್ತಿರ, ಒಮ್ಮೆ ದೂರ ಹೋಗುತ್ತಾ ಅಂಡಾಕಾರದಲ್ಲಿ ಸುತ್ತುವಂತೆ ಕಾಣುತ್ತದೆ. ಗಾಜನ್ನು ಇನ್ನೊಂದು ಕಣ್ಣಿಗೆ ಬದಲಿಸಿದರೆ ಸುತ್ತುವ ದಿಕ್ಕು ತಿರುಗುಮುರುಗಾಗುತ್ತದೆ. ಕಪ್ಪು ಗಾಜಿನ ಹಿಂದಿನ ಕಣ್ಣಿಗೆ ಬೆಳಕು ಕಡಿಮೆ, ಆದ್ದರಿಂದ ಅದರ ಸಂಕೇತ ಕೆಲವು ಮಿಲಿಸೆಕೆಂಡು ತಡ. ಆ ಕಣ್ಣು ಹಣ್ಣನ್ನು ಸ್ವಲ್ಪ ಹಿಂದಿನ ಜಾಗದಲ್ಲಿ ನೋಡುತ್ತಿರುತ್ತದೆ. ಎರಡು ಕಣ್ಣುಗಳು ಕಂಡ ಜಾಗಗಳ ವ್ಯತ್ಯಾಸವನ್ನು ಮಿದುಳು ಆಳವೆಂದು ಓದುತ್ತದೆ.

ದೃಷ್ಟಿನರದ ಉರಿಯೂತವಾದವರಲ್ಲಿ ಕೆಲವರಿಗೆ ಗಾಜಿಲ್ಲದೆಯೇ ಹೀಗೆ ಕಾಣುತ್ತದೆ. ಎದುರಿನಿಂದ ಬರುವ ವಾಹನದ ದಾರಿ ಬಾಗಿದಂತೆ, ಎಸೆದ ಚೆಂಡು ತಪ್ಪು ದೂರದಲ್ಲಿದ್ದಂತೆ ತೋರಬಹುದು, ಆದರೆ ನಿಂತ ಅಕ್ಷರಗಳನ್ನು ಓದುವ ಫಲಕದ ಪರೀಕ್ಷೆಯಲ್ಲಿ ಇದು ಗೊತ್ತಾಗದೆ ಹೋಗಬಹುದು. ನೆತ್ತಿಯ ಮೇಲೆ ಎಲೆಕ್ಟ್ರೋಡುಗಳನ್ನಿಟ್ಟು ಒಂದೊಂದೇ ಕಣ್ಣನ್ನು ಪರೀಕ್ಷಿಸಿದಾಗ, 100 ಮಿಲಿಸೆಕೆಂಡಿಗೆ ಬರಬೇಕಾದ ಅಲೆ ಒಂದು ಕಣ್ಣಿನಿಂದ ತಡವಾಗಿ ಬರುವುದು ಕಾಣುತ್ತದೆ. ಚಲಿಸುವ ವಸ್ತುಗಳ ದೂರ ಇದ್ದಕ್ಕಿದ್ದಂತೆ ಅಂದಾಜಿಗೆ ಸಿಗದಂತಾದವರು, ಅಕ್ಷರಗಳು ಸರಿಯಾಗಿ ಕಾಣುತ್ತಿದ್ದರೂ ನೇತ್ರವೈದ್ಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕು.

ಈ ವಿದ್ಯಮಾನವನ್ನು 1922ರಲ್ಲಿ ವಿವರಿಸಿದವರು ಜರ್ಮನಿಯ ಕಾರ್ಲ್ ಪುಲ್‌ಫ್ರಿಶ್. ಅವರ ಒಂದು ಕಣ್ಣಿಗೆ ಹಲವು ವರ್ಷಗಳಿಂದ ದೃಷ್ಟಿ ಇರಲಿಲ್ಲವಾದ್ದರಿಂದ, ತಮ್ಮ ಹೆಸರಿನಿಂದಲೇ ಪ್ರಸಿದ್ಧವಾದ ಆ ತೂಗಾಟವನ್ನು ಅವರು ಸ್ವತಃ ಕಾಣಲಾಗಲಿಲ್ಲ. ಕಂಡವರ ಮಾತನ್ನು ನಂಬಿ, ಕಾರಣವನ್ನು ಬರೆದರು.